ನಾಲ್ಕು ಗಂಟೆಯ ನೀರು

ಧಣಿ ತೀರಿಕೊಂಡ ಮರುದಿನ, ಅವರು ಕಟ್ಟಿದ ಪತ್ರಿಕೆಯೇ ಮುಖಪುಟದ ಅರ್ಧ ಭಾಗವನ್ನು ಅವರಿಗೆ ಬಿಟ್ಟುಕೊಟ್ಟಿತ್ತು. ಬಳ್ಳಾರಿಯಲ್ಲಿ ಓದುವ ಹಳ್ಳಿಯ ಹೆಣ್ಣುಮಕ್ಕಳಿಗೆ ವಸತಿ ಮಾಡಿಕೊಟ್ಟವರು, ಸಿರುಗುಪ್ಪದಲ್ಲಿ ಹೆರಿಗೆ ಮನೆಗೆ ಜಾಗ ಕೊಟ್ಟವರು, ಕುರುಗೋಡಿನಲ್ಲಿ ವಾಚನಾಲಯ ತೆರೆದವರು, ತಮ್ಮ ವಾರ್ಡಿಗೆ ಮೆಂಬರಾಗಿ ದುಡಿದವರು ಎಂದೆಲ್ಲ ಇತ್ತು. ಬರೆದವನು ಹೊಸ ಹುಡುಗ, ಹಳೆಯ ಸಂಚಿಕೆಗಳನ್ನು ತಿರುವಿ ಬರೆದಿದ್ದ. ಒಂದು ಸುಳ್ಳೂ ಇರಲಿಲ್ಲ. ಆದರೆ ನಾಲ್ಕು ಗಂಟೆಯ ನೀರಿನ ಮಾತೂ ಇರಲಿಲ್ಲ. ಅದನ್ನು ಬಿಟ್ಟು ಧಣಿಯ ಬಗ್ಗೆ ಬರೆಯುವುದು ಉಪ್ಪಿಲ್ಲದ ಸಾರು ಬಡಿಸಿದ ಹಾಗೆ. ಓದಿ ಮುಗಿಸಿ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಧಣಿ ಎಂಬುದು ಅವರ ಹೆಸರಲ್ಲ. ನಮ್ಮ ಕಡೆ ಸಂಬಳ ಕೊಡುವವರಿಗೆಲ್ಲ ಹಾಗೇ ಅನ್ನುವುದು. ತಮ್ಮ ಹೆಸರು ತಮ್ಮ ಪತ್ರಿಕೆಯಲ್ಲಿ ಕಂಡರೆ ಅವರು ಮುಖ ಹುಳ್ಳಗೆ ಮಾಡುತ್ತಿದ್ದರು. ಈಗ ನಾನೊಬ್ಬಳು ಹೆಸರು ಬರೆದು ಅವರ ಮುಖ ಕೆಡಿಸುವುದು ಬೇಡ.

ರಾರಾವಿ ಕಡೆಯ ಒಕ್ಕಲುತನದ ಮನೆಯವರು. ಓದಲೆಂದು ಬಳ್ಳಾರಿಗೆ ಬಂದವರು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ, ಮುಂದೆ ಅದನ್ನೇ ಕೊಂಡು, ಅರವತ್ತರ ದಶಕದಲ್ಲಿ ಒಂದು ದಿನಪತ್ರಿಕೆ ಶುರು ಮಾಡಿದರು. ಎತ್ತರದ ಆಳು, ಹಣೆ ತುಂಬ ವಿಭೂತಿ, ಬಿಳಿ ಅಂಗಿ. ಆ ಅಂಗಿಯ ಬಲತೋಳಿನ ಅಂಚಿಗೆ ಯಾವಾಗಲೂ ಮಸಿ. ಮಾಲೀಕರಾದ ಮೇಲೂ ಒದ್ದೆ ಪುಟವನ್ನು ಮುಟ್ಟಿ ನೋಡದೆ ಅವರಿಗೆ ಸಮಾಧಾನವಿರಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಮನೆಯಿಂದ ಪ್ರೆಸ್ಸಿಗೆ ನಡೆದು ಬರುವರು. ವ್ಯಾನಿಗೆ ಪೇಪರಿನ ಕಟ್ಟುಗಳನ್ನು ಹೇರಿ ಕಳಿಸಿ, ಹೊತ್ತು ಹುಟ್ಟಿದ ಮೇಲೆ ಎದುರಿನ ಗಾಡಿಯಲ್ಲಿ ಮಂಡಾಳಿನ ಒಗ್ಗರಣೆ, ಅಂದರೆ ಒಗ್ಗರಿಸಿದ ಮಂಡಕ್ಕಿ, ಜೊತೆಗೆ ಮಿರ್ಚಿ ತಿನ್ನುವರು. ಗಾಡಿಯವನು ಅವುಗಳನ್ನು ಕೊಡುತ್ತಿದ್ದುದು ನಮ್ಮದೇ ಹಳೇ ಪೇಪರಿನಲ್ಲಿ. ತಿಂದು ಮುಗಿಸಿ ಆ ತುಂಡನ್ನು ಬೆಳಕಿಗೆ ಹಿಡಿದು ಪೂರ್ತಿ ಓದುವುದು ಅವರ ಅಭ್ಯಾಸ. "ಎಣ್ಣಿ ಹತ್ತಿದ ಮ್ಯಾಲೂ ಓದಬೇಕು ಅನಸಬೇಕು. ಅದು ಸುದ್ದಿ," ಎನ್ನುವರು. ಓದಬೇಕು ಅನಿಸದಿದ್ದರೆ, ಅದನ್ನು ಬರೆದವನನ್ನು ಕರೆದು ಅದೇ ತುಂಡನ್ನು ಅವನ ಕೈಗೆ ಕೊಡುವರು. ಬೈಗುಳವಿಲ್ಲ. ಕೈಗೆ ಹತ್ತಿದ ಎಣ್ಣೆಯನ್ನು ಅವನು ಒರೆಸಿಕೊಳ್ಳುತ್ತ ಹೋಗಬೇಕು, ಅಷ್ಟೇ.

ನನಗೆ ಅವರ ಪರಿಚಯವಾದದ್ದು ಪತ್ರಿಕೆಯಿಂದಲ್ಲ. ನಮ್ಮೂರು ಕುರುಗೋಡಿನ ಹತ್ತಿರದ ಬಾದನಹಟ್ಟಿ. ಕಾಲೇಜು ಓದುವೆನೆಂದು ನಾನು ಹಟ ಹಿಡಿದಾಗ, ಬಳ್ಳಾರಿಯಲ್ಲಿ ಎಲ್ಲಿ ಇರುತ್ತೀ ಎಂಬ ಪ್ರಶ್ನೆ ಎದ್ದಿತು. ಧಣಿ ಆಗಷ್ಟೇ ಪ್ರೆಸ್ಸಿನ ಮೇಲಂತಸ್ತನ್ನು ಸಿರುಗುಪ್ಪ, ಕುರುಗೋಡು ಕಡೆಯಿಂದ ಬರುವ ಹುಡುಗಿಯರಿಗೆ ಬಿಟ್ಟುಕೊಟ್ಟಿದ್ದರು. ನಮ್ಮಪ್ಪ ನೋಡಲು ಬಂದ. ಅಚ್ಚಿನ ಮಿಷನ್ನು ನೋಡಿದ, ಅಕ್ಷರದ ಮೊಳೆ ಜೋಡಿಸುವ ಗಂಡಸರನ್ನು ನೋಡಿದ, ಮುಖ ಗಂಟಿಕ್ಕಿದ.

"ಕೆಳಗ ರಾತ್ರಿಯೆಲ್ಲ ಗಂಡಸರು ಮಿಷನ್ ನಡಸ್ತಾರ. ಮ್ಯಾಲ ನನ್ನ ಮಗಳು ಮಲಗಬೇಕೇನ್ರಿ?"

"ಅದಕ್ಕ ಇಲ್ಲಿ ಇಡ್ರಿ ಅಂತ ಹೇಳದು," ಅಂದರು ಧಣಿ. "ಊರಾಗ ರಾತ್ರಿಯೆಲ್ಲ ದೀಪ ಉರಿಯೋ ಮನಿ ಇದೊಂದ. ಕಳ್ಳ ಬರಾಕ ಹೊತ್ತರ ಎಲ್ಲೈತಿ?"

ಅಪ್ಪ ಒಪ್ಪಿದ್ದು ಆ ಮಾತಿಗಲ್ಲ. ಮೆಟ್ಟಿಲ ಬುಡದಲ್ಲಿ ಹೊರಸು ಹಾಕಿಕೊಂಡು ಕೂತಿದ್ದ ಧಣಿಯ ತಾಯಿಯ ಮಾತಿಗೆ. ನಾವೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆವು. ಆಕೆಯ ತವರು ಆದೋನಿ ಕಡೆ, ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತಿತ್ತು. ಅವತ್ತು ಸಿಟ್ಟಿರಲಿಲ್ಲ. "ಚಿಂತಿ ಮಾಡಬ್ಯಾಡಪ್ಪ. ಇಲ್ಲಿ ನಾ ಅದೀನಿ. ನನ್ನ ದಾಟಿ ಬೆಕ್ಕು ಸೈತ ಮ್ಯಾಲ ಹೋಗದಿಲ್ಲ," ಅಂದಳು. ಅಪ್ಪ ಟ್ರಂಕು ಇಳಿಸಿದ. ಆ ಮಿಷನ್ನಿನ ಸದ್ದಿನ ಮೇಲೆ ಮಲಗಿ ಮಲಗಿ ನಮಗೆ ಎಂಥ ರೂಢಿಯಾಯಿತೆಂದರೆ, ಅದು ನಿಂತರೇ ಎಚ್ಚರವಾಗುತ್ತಿತ್ತು. ರಜೆಗೆ ಊರಿಗೆ ಹೋದರೆ ನಿಶ್ಶಬ್ದಕ್ಕೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಧಣಿಯ ದಾನಧರ್ಮದ ಬಗೆಯೇ ಅದು. ಹೊಸದಾಗಿ ಏನನ್ನೂ ಹುಡುಕುತ್ತಿರಲಿಲ್ಲ. ತಮ್ಮಲ್ಲಿ ಏನು ಸುಮ್ಮನೆ ಬಿದ್ದಿದೆ ಎಂದು ನೋಡುತ್ತಿದ್ದರು. ಮೇಲಂತಸ್ತು ಸುಮ್ಮನಿತ್ತು, ಹುಡುಗಿಯರು ಬಂದರು. ಪೇಪರಿನ ವ್ಯಾನು ಸಿರುಗುಪ್ಪಕ್ಕೆ ಹೋಗಿ ಕುರುಗೋಡಿನ ಮೇಲೆ ಖಾಲಿ ಬರುತ್ತಿತ್ತು. ಒಂದು ದಿನ ಅವರು ಡ್ರೈವರನನ್ನು ಕರೆದು, ದಾರಿಯಲ್ಲಿ ಆಸ್ಪತ್ರೆಗೆ ಬರುವವರು ಯಾರಿದ್ದರೂ ಹತ್ತಿಸಿಕೊಂಡು ಬಾ ಅಂದರು. ಆಮೇಲಾಮೇಲೆ ಬಸುರಿಯರು, ಕೈಕಾಲು ಮುರಿದವರು, ಕಣ್ಣಿಗೆ ಪಟ್ಟಿ ಕಟ್ಟಿದವರು ರಸ್ತೆ ಬದಿಯಲ್ಲಿ ಪೇಪರ್ ವ್ಯಾನಿಗೆ ಕಾಯುವುದು ವಾಡಿಕೆಯಾಯಿತು.

ರಾರಾವಿಯ ಮುದುಕನೊಬ್ಬ ಮಾತ್ರ ವಾರವಾರ ಬರುತ್ತಿದ್ದ. ಹತ್ತುವಾಗ ಎದೆ ಹಿಡಿದು ಕೆಮ್ಮುತ್ತಿದ್ದ, ಬಳ್ಳಾರಿಯಲ್ಲಿ ಇಳಿದವನು ಆಸ್ಪತ್ರೆಯ ದಾರಿ ಬಿಟ್ಟು ಸೀದಾ ಮಗಳ ಮನೆಗೆ ನಡೆಯುತ್ತಿದ್ದ. ಡ್ರೈವರ್ ದೂರು ತಂದ. "ಕೆಮ್ಮಲಿ ಬಿಡು," ಅಂದರು ಧಣಿ. "ಮಗಳ ಮುಖ ನೋಡಿದ್ರ ಕೆಮ್ಮು ನಿಂತತಿ ಅಂದ್ರ ಅದೂ ಔಷಧನ."

ನಾನು ಬಿ.ಎ. ಮುಗಿಸಿ ಊರಿಗೆ ಹೊರಡಲು ಟ್ರಂಕು ಕಟ್ಟುತ್ತಿದ್ದಾಗ, ಎಪ್ಪತ್ತರ ದಶಕದ ಶುರುವಿನಲ್ಲಿ, ಧಣಿ ಕೆಳಗೆ ಬರಹೇಳಿದರು. ಪ್ರೆಸ್ಸಿನ ಬಾಗಿಲಲ್ಲೇ ಒಂದು ಮೇಜು, ಎದುರಿಗೊಂದು ಬೆಂಚು ಹಾಕಿಸಿದ್ದರು. 'ಓಣಿ ಮಾತು' ಎಂಬ ಹೊಸ ಅಂಕಣ. ಓದು ಬರಹ ಇಲ್ಲದವರು ಬಂದು ತಮ್ಮ ಓಣಿಯ ಕಷ್ಟವನ್ನು ಬಾಯಲ್ಲಿ ಹೇಳಬೇಕು, ನಾನು ಬರೆದುಕೊಳ್ಳಬೇಕು.

"ಗಂಡಸರನ್ನ ಕುಂಡ್ರಿಸಿದ್ರ ಗಂಡಸರ ದೂರ ಬರ್ತಾವ," ಅಂದರು. "ನೀರು ತರಾಕಿ, ಗಟಾರ ದಾಟಾಕಿ ಹೆಣ್ಣುಮಗಳು. ಆಕಿ ಬರಬೇಕು ಅಂದ್ರ ನೀ ಕುಂದ್ರಬೇಕು. ಆಮ್ಯಾಲ, ನಿನ್ನ ಬಿ.ಎ. ಭಾಷಿ ಬ್ಯಾಡ. ಆಕಿ ಬಾಯಾಗ ಬಂದಂಗ ಹಾಕು. ಓದಿಸಿಕೊಂಡು ಕೇಳಿದ್ರ, ಇದು ನನ್ನ ಮಾತು ಅನ್ನಬೇಕು ಆಕಿ."

ಇನ್ನೊಂದು ಕಟ್ಟಪ್ಪಣೆ ಇತ್ತು. ಹೇಳಿದ್ದನ್ನು ನಾನು ಕಣ್ಣಾರೆ ನೋಡಿಬಂದ ಮೇಲೆಯೇ ಅಚ್ಚಿಗೆ ಹೋಗಬೇಕು. ಹೀಗಾಗಿ ಬಳ್ಳಾರಿಯ ಗಟಾರಗಳ ಪರಿಚಯ ನನಗಿದ್ದಷ್ಟು ಅವುಗಳನ್ನು ಕಟ್ಟಿದವರಿಗೂ ಇರಲಿಕ್ಕಿಲ್ಲ. ಅಂಕಣವನ್ನು ಮಾತ್ರ ಒಗ್ಗರಣೆ ಗಾಡಿಯ ಮುಂದೆ ಜನ ಜೋರಾಗಿ ಓದಿಸಿಕೊಂಡು ಕೇಳುವಂತಾಯಿತು. ತಮ್ಮ ಮಾತೇ ಅಚ್ಚಾಗಿ ಬಂದರೆ ಯಾರಿಗೆ ಬೇಡ?

ಇಷ್ಟು ಹೆಸರಾದ ಮೇಲೆ ಜನ ಬಿಟ್ಟಾರೆಯೇ? ವಾರ್ಡಿನವರು ಒತ್ತಾಯಿಸಿ ಅವರನ್ನು ಪುರಸಭೆಯ ಚುನಾವಣೆಗೆ ನಿಲ್ಲಿಸಿದರು, ಗೆಲ್ಲಿಸಿದರು. ಗೆದ್ದ ದಿನವೇ ಅವರು ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದು: "ಇನ್ನ ಮ್ಯಾಲ ನಮ್ಮ ವಾರ್ಡಿನ ದೂರೆಲ್ಲ ನನ್ನ ಮ್ಯಾಲ. ಒಂದೂ ಬಿಡಬ್ಯಾಡ." ನಾನು ಬಿಡಲಿಲ್ಲ. ಕೆಟ್ಟ ದೀಪ, ಒಡೆದ ಗಟಾರ, ಎತ್ತದ ಕಸ, ಎಲ್ಲ ಅವರದೇ ಪತ್ರಿಕೆಯಲ್ಲಿ ಅವರ ಮೇಲೆಯೇ ಬಂತು. ಮಿರ್ಚಿ ತಿನ್ನುತ್ತ ಓದಿ, ಹಾಗೇ ಎದ್ದು ಹೋಗಿ ಸರಿ ಮಾಡಿಸುವರು. ಮೂರ್ನಾಲ್ಕು ದಿನ ನಮ್ಮ ವಾರ್ಡಿನ ದೂರು ಬರದಿದ್ದರೆ ಮಾತ್ರ ಕಸಿವಿಸಿ. "ಯಾಕವ್ವ, ಮಂದಿ ಹೆದರಾಕ ಹತ್ಯಾರೇನು?" ಎಂದು ಕೇಳುವರು. ನಾವು ನಗುತ್ತಿದ್ದೆವು. ಅವರ ಆ ಅನುಮಾನ ನಿಜವೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಮೆಂಬರಾಗಿ ಅವರು ಮಾಡಿದ ದೊಡ್ಡ ಕೆಲಸ ನೀರಿನದು. ಮುಂಚೆ ವಾರ್ಡಿನ ಸಾರ್ವಜನಿಕ ನಳಕ್ಕೆ ನೀರು ಒಂದು ದಿನ ಮಧ್ಯಾಹ್ನ, ಇನ್ನೊಂದು ದಿನ ಸಂಜೆ ಬರುತ್ತಿತ್ತು. ದುಡಿಯಲು ಹೋದ ಹೆಂಗಸರ ಕೊಡಗಳು ಖಾಲಿ ಉಳಿಯುತ್ತಿದ್ದವು. ಧಣಿ ಓಣಿಗೊಂದು ಹೊಸ ನಳ ಹಾಕಿಸತೊಡಗಿದರು. ನೀರು ಬಿಡಲು ಒಂದು ಗಟ್ಟಿ ವೇಳೆ ಗೊತ್ತು ಮಾಡಿದರು. ಬೆಳಗಿನ ನಾಲ್ಕು ಗಂಟೆ. ಕೆಲಸಕ್ಕೆ ಹೋಗುವ ಮುಂಚೆಯೇ ಎಲ್ಲರ ಮನೆಯ ಕೊಡ ತುಂಬಿರಬೇಕು ಎಂಬ ಲೆಕ್ಕ. ಸುಮ್ಮನೆ ಗೊತ್ತು ಮಾಡಲಿಲ್ಲ, ವಾರಗಟ್ಟಲೆ ಜನರನ್ನು ಕೇಳಿದರು. ಕೇಳಿದ್ದು ಯಾರನ್ನು? ಮುಂಜಾವ ಪ್ರೆಸ್ಸಿಗೆ ಬರುವ ದಾರಿಯಲ್ಲಿ ಸಿಕ್ಕವರನ್ನು. ಹಾಲಿನವನು, ಪೇಪರ್ ಹಾಕುವವರು, ವ್ಯಾನಿನ ಡ್ರೈವರ್, ಬಸ್ಸಿಗೆ ಹೊರಟವರು, ಮಿಷನ್ನು ನಡೆಸಿ ಹೊರಗೆ ಬೀಡಿ ಸೇದುತ್ತ ನಿಂತವರು. ನಾಲ್ಕಕ್ಕೆ ನೀರು ಬಂದರೆ ಹೇಗೆ ಎಂದರೆ ಎಲ್ಲರೂ ಬಹಳ ಚಲೋ ಅಂದರು. ಎಚ್ಚರವಿದ್ದವರನ್ನೇ ಕೇಳಿದರೆ ಇನ್ನೇನು ಅಂದಾರು!

ನಮಗೂ ಅದು ತಪ್ಪೆನಿಸಲಿಲ್ಲ. ಪ್ರೆಸ್ಸಿನಲ್ಲಿ ಬಾಳಿದವರಿಗೆ ನಾಲ್ಕು ಗಂಟೆ ಅಂದರೆ ದಿನದ ನಡು. ಊರಿಗೂ ಹಾಗೇ ಎಂದು ನಂಬಿಬಿಟ್ಟಿದ್ದೆವು.

ಓಣಿಗಳಿಗೆಲ್ಲ ನಳ ಬಂತು, ಅವರದೇ ಓಣಿಯೊಂದನ್ನು ಬಿಟ್ಟು. ತಮ್ಮ ಓಣಿ ಕೊನೆಗೆ ಎಂದು ಅವರು ಮೊದಲೇ ಸಾರಿದ್ದರು. ಮನೆಯ ಬಾವಿ ಬತ್ತಿ ಎಷ್ಟೋ ಕಾಲವಾಗಿತ್ತು. ದೊಡ್ಡವ್ವ ಪ್ರೆಸ್ಸಿನ ಹೊರಸಿನಿಂದೆದ್ದು ಪಕ್ಕದ ಕಮ್ಮಾರ ಓಣಿಯ ನಳದ ಪಾಳಿಯಲ್ಲಿ ನಿಂತು, ಸೊಂಟದ ಮೇಲೊಂದು, ಕೈಯಲ್ಲೊಂದು ಕೊಡ ಹೊತ್ತು ಮನೆಗೆ ಹೋಗುವಳು. ಆ ವಯಸ್ಸಿನಲ್ಲಿ! ತಾಯಿ ಮಗನ ಜಗಳಕ್ಕೆ ಪ್ರೆಸ್ಸಿನವರೆಲ್ಲ ಸಾಕ್ಷಿ.

"ನಮ್ಮ ಓಣಿಗೆ ಮೊದಲ ಹಾಕಿಸಿದ್ರ ಮಂದಿ ಏನಂತಾರವ್ವ?"

"ಯಾವ ಮಂದಿನೋ? ನಮ್ಮ ಓಣ್ಯಾಗ ಇರೋರು ಮಂದಿ ಅಲ್ಲೇನು? ನಿನ್ನ ಅಂಗಿ ಬೆಳ್ಳಗ ಕಾಣಲಿ ಅಂತ ಓಣಿಯೆಲ್ಲ ಕೊಡ ಹೊರಬೇಕೇನು?"

"ಈ ಸಲ ಗೆದ್ದಕೂಡ್ಲೆ ಮೊದಲನೇ ಕೆಲಸ ಅದ."

ಎರಡನೇ ಚುನಾವಣೆ ಹತ್ತಿರ ಬಂದಿತ್ತು. ದೊಡ್ಡವ್ವನ ನಳ ಆ ಗೆಲುವಿನ ಮೇಲೆ ನಿಂತಿತ್ತು. ಮಗನಿಗೆ ವೋಟು ಹಾಕಿರೆಂದು ಆಕೆಯಷ್ಟು ಮನಸ್ಸಿಟ್ಟು ಕೇಳಿದವರು ಬೇರೊಬ್ಬರಿಲ್ಲ.

ಅಷ್ಟರಲ್ಲಿ ಈರಮ್ಮ ಬಂದಳು. ಕಮ್ಮಾರ ಓಣಿಯವಳು, ಹತ್ತಿ ಮಿಲ್ಲಿನಲ್ಲಿ ಕೆಲಸ. ಬೆಂಚಿನ ಮೇಲೆ ಕೂರದೆ ನಿಂತೇ ಇದ್ದಳು. ಮೆಟ್ಟಿಲ ಬುಡದಲ್ಲಿ ದೊಡ್ಡವ್ವ ಇದ್ದುದನ್ನು ನೋಡಿ ಹೊರಟೇಬಿಟ್ಟಳು. ದೊಡ್ಡವ್ವನೇ ಕೂಗಿ ಕರೆದಳು: "ಬಾ ಬೇ, ಯಾಕ ಹೊಂಟಿ? ಹೇಳಾಕ ಬಂದಾಕಿ ಹೇಳಿ ಹೋಗು."

ಈರಮ್ಮ ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು. "ಮಿಲ್ಲಿಂದ ಬಂದು, ಬೇಯಿಸಿ ಹಾಕಿ, ನೆಲಕ್ಕ ಬೆನ್ನು ಹಚ್ಚೋದ್ರಾಗ ನಡುರಾತ್ರಿ ಆಕ್ಕೈತ್ರಿ. ಮೂರೂವರಿಗೆ ಎದ್ದು ಪಾಳಿ ಹಿಡೀಬೇಕು. ಧಣೇರಿಗೆ ನಿದ್ದಿ ಇಲ್ಲಂತ ಓಣಿಗೆಲ್ಲ ನಿದ್ದಿ ಬ್ಯಾಡೇನ್ರಿ? ನೀರು ಕೊಟ್ರು, ಇಲ್ಲ ಅನ್ನಲ್ಲ. ನಿದ್ದಿ ಕಸಗೊಂಡ್ರು."

ನಾನು ಬರೆಯುವುದನ್ನು ನಿಲ್ಲಿಸಿ ದೊಡ್ಡವ್ವನ ಕಡೆ ನೋಡಿದೆ. ಆಕೆ ಹೊರಸಿನಿಂದ ಕಾಲು ಇಳಿಬಿಟ್ಟು ಈರಮ್ಮನ ಕಡೆ ತಿರುಗಿದಳು. "ಇಷ್ಟು ದಿನ ನನ್ನ ಮಗ್ಗಲಾಗ ನಿಂತು ಕೊಡ ತುಂಬಿದಿ. ನನ್ನ ಮುಂದ ಯಾಕ ಹೇಳಲಿಲ್ಲ?" ಎಂದಳು.

"ನೀರು ಕೊಟ್ಟವರ ತಾಯಿ ನೀವು. ಹ್ಯಾಂಗ ಹೇಳಬೇಕವ್ವಾ?"

"ಬರಕೋ," ಅಂದಳು ದೊಡ್ಡವ್ವ ನನಗೆ. "ಒಂದಕ್ಷರ ಬಿಡಬ್ಯಾಡ."

ನಿಯಮದ ಪ್ರಕಾರ ಮರುದಿನ ನಾಲ್ಕಕ್ಕೆ ನಾನು ಕಮ್ಮಾರ ಓಣಿಗೆ ಹೋದೆ. ಕೊಡಗಳ ಪಾಳಿ ಉದ್ದಕ್ಕಿತ್ತು. ಅಷ್ಟು ಹೆಂಗಸರಿದ್ದರೂ ಒಂದು ಮಾತಿಲ್ಲ. ಒಬ್ಬಳು ಗೋಡೆಗೆ ತಲೆ ಕೊಟ್ಟು ನಿಂತಲ್ಲೇ ತೂಕಡಿಸುತ್ತಿದ್ದಳು. ಇನ್ನೊಬ್ಬಳ ಹೆಗಲ ಮೇಲೆ ಕೂಸು. ಆಗ ಧಣಿ ಪ್ರೆಸ್ಸಿಗೆ ಹೊರಟವರು ಆ ಕಡೆ ಬಂದರು. ನಾನು ಒಂದು ಮನೆಯ ಬಾಗಿಲ ಮರೆಗೆ ಸರಿದೆ. ತೂಕಡಿಸುತ್ತಿದ್ದವಳು ಥಟ್ಟನೆ ನೆಟ್ಟಗಾದಳು, ಎಲ್ಲರೂ ಸೆರಗು ಹೊದ್ದರು. "ನೀರು ಚಲೋ ಬರ್ತಾವೇನವ್ವಾ?" ಎಂದು ಕೇಳಿದರು. "ಚಲೋ ಬರ್ತಾವ್ರಿ ಧಣಿ," ಅಂದರು ಎಲ್ಲರೂ ಒಟ್ಟಿಗೆ. ಅವರು ಸಂತೋಷದಿಂದ ಮುಂದೆ ನಡೆದರು. ಆ ಬೆನ್ನು ನೋಡಿ ನನಗೆ ಅಯ್ಯೋ ಅನಿಸಿತು. ಕೇಳಿದವರದೂ ಸುಳ್ಳಲ್ಲ, ಹೇಳಿದವರದೂ ಸುಳ್ಳಲ್ಲ. ನೀರು ಚೆನ್ನಾಗಿಯೇ ಬರುತ್ತಿತ್ತು.

ಅವತ್ತು ಈರಮ್ಮನ ಮಾತಿನ ಕರಡನ್ನು ಧಣಿ ನಿಂತುಕೊಂಡೇ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಓದಿದರು. ಪ್ರೆಸ್ಸಿನ ಮ್ಯಾನೇಜರು ಅವರ ಬೆನ್ನ ಹಿಂದೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

"ಧಣಿ, ವೋಟು ಮುಗೀಲಿ. ನಾಕು ದಿನ ತಡದು ಹಾಕಿದ್ರ ಏನಾಕ್ಕೈತ್ರಿ?"

"ಆಕಿ ಇನ್ನ ನಾಕು ದಿನ ನಿದ್ದಿಗೆಡತಾಳ."

"ಹಂಗಾದ್ರ ನೀರಿನ ಟೈಮ್ ಇವತ್ತ ಬದಲಿ ಮಾಡ್ರಿ. ಕೆಲಸ ಆದ ಮ್ಯಾಲ ಪೇಪರಿಗೆ ಯಾಕ?"

ಧಣಿ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ನೋವಿತ್ತು. "ದಿನಾ ಆಕಿ ಮುಂದ ಹಾದು ಹೋಗೀನಿ. ನನಗ ಹೇಳಾಕ ಆಕಿಗೆ ಬಾಯಿ ಬರಲಿಲ್ಲ. ಪೇಪರಿಗೆ ಬಂತು. ಈಗ ಪೇಪರೂ ನುಂಗಿಬಿಟ್ರ, ಆಕಿ ಇನ್ನೆಲ್ಲಿಗೆ ಹೋಗಬೇಕು?" ಎಂದು ನನ್ನ ಕಡೆ ತಿರುಗಿದರು. "ನೋಡಿ ಬಂದಿಯೇನವ್ವ?"

"ಬಂದೀನ್ರಿ."

"ಹಂಗಾದ್ರ ಹಾಕು."

ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ದೊಡ್ಡ ದೊಡ್ಡ ಮಾತು ಆಡುವವರನ್ನು ಕಂಡಿದ್ದೇನೆ. ಅವತ್ತು ಆ ಎರಡು ಮಾತಿಗೆ ಅವರ ಮೇಲೆ ಹುಟ್ಟಿದ ಗೌರವ ಇನ್ಯಾರ ಮೇಲೂ ಹುಟ್ಟಲಿಲ್ಲ.

ನೀರಿನ ವೇಳೆಯನ್ನು ಅವತ್ತೇ ಆರು ಗಂಟೆಗೆ ಬದಲಾಯಿಸಿದರು. ಈರಮ್ಮ ನಿದ್ದೆ ಮಾಡಿದಳು, ಊರು ನಕ್ಕಿತು. 'ನೀರು ಕೊಟ್ರು, ನಿದ್ದಿ ಕಸಗೊಂಡ್ರು' ಎಂಬ ಮಾತು ಒಗ್ಗರಣೆ ಗಾಡಿಯಿಂದ ಕೌಲ್ ಬಜಾರಿನವರೆಗೆ ಹಬ್ಬಿತು. ಎದುರಾಳಿಗೆ ಬೇರೆ ಭಾಷಣವೇ ಬೇಕಾಗಲಿಲ್ಲ, ಟಾಂಗಾದಲ್ಲಿ ಮೈಕು ಕಟ್ಟಿಸಿ ಅದೊಂದನ್ನೇ ಕೂಗಿಸಿದ. ಧಣಿ ಸ್ವಲ್ಪದರಲ್ಲಿ ಸೋತರು.

ಸುದ್ದಿ ಬಂದಾಗ ದೊಡ್ಡವ್ವ ಹೊರಸಿನ ಮೇಲಿದ್ದಳು. ಮಗನ ಮುಖ ನೋಡಿ ಮೊದಲು ತೆಲುಗಿನಲ್ಲಿ "ಏಮಿರಾ" ಎಂದು ಶುರು ಮಾಡಿದಳು. ಮುಂದೆ ಬೈಗುಳ ಬರಲಿಲ್ಲ, ಮಾತು ಕನ್ನಡಕ್ಕೆ ತಿರುಗಿತು. "ಊರಿಗೆ ಉಪಕಾರಿ, ಮನಿಗಿ ಮಾರಿ. ಹೋಗಲಿ ಬಿಡು. ನಿನ್ನ ಸೋಲಿಸಿದ ಮಾತು ಬರಕೋ ಅಂದಾಕಿ ನಾನ." ಕೊಡಗಳನ್ನೆತ್ತಿಕೊಂಡು ಹೊರಟಳು. ಆಕೆಯ ನಳ ಹೋಯಿತೆಂದು ನಾವೆಲ್ಲ ಅಂದುಕೊಂಡೆವು.

ಹೋಗಲಿಲ್ಲ. ಆ ಓಣಿಗೆ ಮುಂದೆ ನಳ ಬಂತು, ಆರು ಗಂಟೆಗೆ ಸರಿಯಾಗಿ ನೀರೂ ಬಂತು. ಧಣಿ ಆಮೇಲೂ ಬಹಳ ವರ್ಷ ಪತ್ರಿಕೆ ನಡೆಸಿದರು, ಹೆರಿಗೆ ಮನೆ, ವಾಚನಾಲಯ ಎಲ್ಲ ಆದದ್ದು ಸೋತ ಮೇಲೆಯೇ. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ಅದರ ದುಃಖವೂ ಇದ್ದಂತೆ ಕಾಣಲಿಲ್ಲ. ಆ ನಳ ಬಂದದ್ದು ಹೇಗೆಂಬುದನ್ನು ಮಾತ್ರ ಹೇಳಬೇಕು.

ಹೊಸ ಮೆಂಬರು ಕುರ್ಚಿ ಹಿಡಿದ ಮರುದಿನ ಬೆಳಿಗ್ಗೆ ನನ್ನ ಬೆಂಚಿನ ಮೇಲೆ ಈರಮ್ಮ ಕೂತಿದ್ದಳು, ದೀಪದ ಕಂಬದ ದೂರು. ಆಕೆಯ ಹಿಂದೆ ನೋಡಿದರೆ ಧಣಿ ನಿಂತಿದ್ದಾರೆ. ಕಂಕುಳಲ್ಲಿ ಒಂದು ಖಾಲಿ ಕೊಡ. ಪಕ್ಕದಲ್ಲಿ ದೊಡ್ಡವ್ವ. ಈರಮ್ಮ ಗಾಬರಿಯಿಂದ ಎದ್ದು ಜಾಗ ಬಿಟ್ಟಳು.

"ಕೂಡವ್ವ. ಪಾಳಿ ಅಂದ್ರ ಪಾಳಿ," ಅಂದರು ಧಣಿ.

ಆಕೆಯದು ಮುಗಿಯಿತು. ಅವರು ಬೆಂಚಿನ ಮೇಲೆ ಬಂದು ಕೂತು, ಮಸಿ ಹತ್ತಿದ ತೋಳನ್ನು ನನ್ನ ಮೇಜಿನ ಮೇಲಿಟ್ಟರು. "ನಮ್ಮ ಓಣ್ಯಾಗ ನಳ ಇಲ್ಲವ್ವ. ಬರಕೋ."

ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಬೇಕಾಯಿತು. ನಗು ತಡೆದುಕೊಂಡು ಕೇಳಿದೆ. "ಮೊದಲು ಯಾರಿಗಾದ್ರು ಹೇಳೀರೇನ್ರಿ?"

"ಹಿಂದಿನ ಮೆಂಬರಿಗೆ ಹೇಳಿ ಹೇಳಿ ಸಾಕಾಗೇತಿ," ಅಂದರು, ಮುಖದ ಗೆರೆಯೊಂದೂ ಅಲುಗದಂತೆ. "ಆತಗ ತನ್ನ ಹೆಸರಿನ ಚಿಂತಿ ಆಗಿತ್ತು. ಓಣಿ ಮಂದಿ ಕೊಡ ಹೊತ್ತದ್ದು ಕಾಣಲಿಲ್ಲ."

"ನಾನ ಸಾಕ್ಷಿ," ಅಂದಳು ದೊಡ್ಡವ್ವ. "ದಿನಾ ಹೇಳೀನಿ. ಕಿವ್ಯಾಗ ಹಾಕ್ಕೊಳ್ಳಲಿಲ್ಲ ಮೂಳ."

ಈರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಕೆ ಧಣಿಯ ಮುಂದೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಎಲ್ಲವನ್ನೂ ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಂಡು, ಓದಿ ಹೇಳಿದೆ. ಧಣಿ ಕಣ್ಣು ಮುಚ್ಚಿ ಕೇಳಿದರು. "ಹೌದು, ಇದು ನನ್ನ ಮಾತು," ಅಂದರು.

ಇನ್ನು ಕಣ್ಣಾರೆ ನೋಡಿಬರುವುದೊಂದು ಉಳಿದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದೆ. ಮುಂದೆ ದೊಡ್ಡವ್ವ ಬರಿಗೈ ಬೀಸಿಕೊಂಡು ನಡೆದಳು, ಅವಳ ಹಿಂದೆ ನಾನು, ನನ್ನ ಹಿಂದೆ ಕೊಡ ಹಿಡಿದುಕೊಂಡು ಧಣಿ.